ನೂರ ಹದಿನೆಂಟು ಹಾಳೆಗಳ ಬೆನ್ನು

ಗದಗ ಕಣಜ
ಕ್ರಿ.ಶ. 2241, ಫೆಬ್ರವರಿ 30

ಪೂಜ್ಯ ವಿಶಾಲಾಕ್ಷಿ ಹಾದಿಮನಿ ಅಕ್ಕೋರಿಗೆ,

ತಾರೀಖು ತಪ್ಪು ಬರೆದಿದ್ದೇನೆ ಅಂದುಕೊಳ್ಳಬೇಡಿ. ಫೆಬ್ರವರಿಗೆ ಎರಡು ದಿನ ಸೇರಿಸಿ ನಮ್ಮಲ್ಲಿ ಎಂಬತ್ತು ವರ್ಷವಾಯಿತು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಕಾಗದಪತ್ರ ಓದಿ ಓದಿ ಕಲಿತ ಭಾಷೆ ಇದು, ತಪ್ಪಿದ್ದರೆ ಮನ್ನಿಸಿ. ನಾನು ನೀಲಗಂಗಾ ಬಡಿಗೇರ, ಕಣಜಗಿತ್ತಿ. ಹಳೆಯ ಕಾಗದಗಳಿಗೆ ಹುಳ ಹತ್ತದಂತೆ ಕಾಯುವ ಹೆಂಗಸರಿಗೆ ಈಗ ಆ ಹೆಸರು. ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದ್ದೇನೆ, ಸುಲಭಕ್ಕೆ ಬೆಚ್ಚುವವಳಲ್ಲ. ನಿನ್ನೆ ಬೆಚ್ಚಿಬಿದ್ದೆ.

ಮೊದಲು ನಮ್ಮ ಬದುಕಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯಲಿಕ್ಕಿಲ್ಲ. ಇಲ್ಲಿ ಪ್ರತಿ ಮನೆಯ ಬಾಗಿಲ ಪಕ್ಕ ಸೊಂಟದೆತ್ತರದ ಕರಿಕಲ್ಲೊಂದಿದೆ. ಒಪ್ಪುಗಲ್ಲು ಎನ್ನುತ್ತೇವೆ. ಅದರಲ್ಲಿ ಐದು ಗುಳಿ. ಬಸ್ಸಿನ ದಾರಿ ಬದಲಿಸುವುದಿರಲಿ, ಕೆರೆಗೆ ಹೊಸ ತೂಬು ಇಡುವುದಿರಲಿ, ಕಲ್ಲು ಮೊದಲು ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಒಂದನೇ ಗುಳಿ ಒತ್ತಿದರೆ ಸುತರಾಂ ಬೇಡ, ಐದನೆಯದು ಒತ್ತಿದರೆ ಧಾರಾಳವಾಗಿ ಆಗಲಿ. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವರು ಎದ್ದುಬಂದು ಹಿಟ್ಟಿನ ಕೈಯಲ್ಲೇ ಒತ್ತುತ್ತೇವೆ. ಹೀಗಾಗಿ ಎಲ್ಲರ ಮನೆಯ ಗುಳಿಗಳಲ್ಲೂ ಜೋಳದ ಹಿಟ್ಟು ಮೆತ್ತಿಕೊಂಡಿರುತ್ತದೆ. ಅಮಾವಾಸ್ಯೆಗೊಮ್ಮೆ ಕಡ್ಡಿ ಹಾಕಿ ಕೆರೆದು ತೆಗೆಯುತ್ತೇವೆ. ಒಂಬತ್ತು ದಿನವಾದರೂ ಒತ್ತದವರ ಹೆಸರಿಗೆ ಕಲ್ಲು ತಾನೇ ಮೂರು ಹಾಕಿಕೊಳ್ಳುತ್ತದೆ. ಮೂರು ಅಂದರೆ ತಕರಾರಿಲ್ಲ. ಇದಕ್ಕೆ ಹಾದಿಮನಿ ನಿಯಮ ಎಂದು ಹೆಸರು. ‘ಉತ್ತರ ಕೊಡದವರು ವಿರೋಧಿಗಳಲ್ಲ’ ಎಂದು ನಾಲ್ಕನೇ ಇಯತ್ತೆಯಲ್ಲೇ ಬಾಯಿಪಾಠ ಮಾಡಿಸುತ್ತಾರೆ. ನಿಮ್ಮದೇ ವಾಕ್ಯ, 2009ರ ನಿಮ್ಮ ಪ್ರಬಂಧದ ಕೊನೆಯ ಪುಟದ್ದು.

ಈ ವರ್ಷ ನಿಮ್ಮ ಬದುಕಿನ ಪ್ರದರ್ಶನ ಜೋಡಿಸುವ ಕೆಲಸ ನನಗೆ ಬಂತು. ಸುಳ್ಳೇಕೆ ಹೇಳಲಿ, ಹಿಗ್ಗಿ ಹೀರೇಕಾಯಿಯಾದೆ. ನೀವು ಕಾಮರ್ಸ್ ಪಾಠ ಹೇಳಿಕೊಂಡಿದ್ದವರು ಮೂವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತದ್ದು, ಮಗಳನ್ನು ಅತ್ತೆಯವರ ಹತ್ತಿರ ಬಿಟ್ಟು ಬಸ್ಸಿನಲ್ಲಿ ನಿಂತೇ ಓಡಾಡಿ ಪಿಎಚ್‌ಡಿ ಮುಗಿಸಿದ್ದು ಎಲ್ಲ ಓದಿದೆ. ಮಾಹಿತಿ ವ್ಯವಸ್ಥೆ ಅಂದರೆ ಟೈಪಿಂಗ್ ಕ್ಲಾಸೇನ್ರಿ ಬಾಯಾರ ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿಗೆ ನೀವು ಕೊಟ್ಟ ಉತ್ತರವನ್ನೂ ಓದಿದೆ. ಯಂತ್ರ ಬಂದ ಮೇಲೆ ಅದರ ಮುಂದೆ ಕೂತ ಮನುಷ್ಯರಿಗೆ ಏನಾಗುತ್ತದೆ ಎಂದು ಕೇಳುವುದೇ ನನ್ನ ವಿಷಯ ಎಂದಿದ್ದಿರಿ. ಆ ಮಾತನ್ನು ದೊಡ್ಡಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿಸಿದೆ. ನಿಮ್ಮ ಬದುಕಿನಲ್ಲಿ ಇನ್ನೂ ನಡೆಯದಿರುವುದೂ ನನಗೆ ಗೊತ್ತು. ಜೂನಿನಲ್ಲಿ ಪ್ರೊಫೆಸರ್ ಆಗುತ್ತೀರಿ, ಮೂರು ವರ್ಷಕ್ಕೆ ವಿಭಾಗದ ಮುಖ್ಯಸ್ಥೆ, ಆಮೇಲೆ ಡೀನ್. ನಿವೃತ್ತಿಯ ದಿನ ಶಾಲು, ಹಾರ, ಇಷ್ಟು ದಪ್ಪದ ಅಭಿನಂದನ ಗ್ರಂಥ. ಎಲ್ಲದರ ಬುಡದಲ್ಲಿರುವುದು ಆ ಒಂದೇ ಪ್ರಬಂಧ.

ನಿನ್ನೆ ಮಧ್ಯಾಹ್ನ ಆ ಪ್ರಬಂಧದ ಕಾಗದಗಳ ಗಂಟು ಬಿಚ್ಚಿದೆ. ಒಂದು ದೊಡ್ಡ ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ ಮುನ್ನೂರ ಹನ್ನೆರಡು ನರ್ಸ್‌ಗಳಿಗೆ ನೀವು ಹಂಚಿದ ಪ್ರಶ್ನೆಪತ್ರಿಕೆಗಳು. ಹದಿನಾಲ್ಕನೇ ಪ್ರಶ್ನೆ: ಹೊಸ ವ್ಯವಸ್ಥೆಯನ್ನು ಒಪ್ಪುತ್ತೀರಾ, ಒಂದರಿಂದ ಐದರೊಳಗೆ ಗುರುತು ಮಾಡಿ. ನೂರ ಹದಿನೆಂಟು ಜನ ಗುರುತು ಮಾಡಿರಲಿಲ್ಲ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಹಾಳೆಯ ಧೂಳು ಒರೆಸಲು ತಿರುವಿ ಹಾಕಿದೆ, ಅಕ್ಕೋರೇ. ಹಿಂಬದಿಯ ತುಂಬ ನೀಲಿ ಶಾಯಿ. ಇನ್ನೊಂದನ್ನು ತಿರುವಿದೆ, ಅದರಲ್ಲೂ. ಗುರುತು ಮಾಡದ ನೂರ ಹದಿನೆಂಟರಲ್ಲಿ ನೂರ ಹದಿನೈದು ಹಾಳೆಗಳ ಬೆನ್ನಿಗೆ ಬರಹವಿತ್ತು. ಆ ಐದು ಚೌಕಗಳಲ್ಲಿ ಹಿಡಿಸದ ಮಾತನ್ನು ಅವರು ಹಿಂದೆ ಬರೆದಿದ್ದರು. ಒಬ್ಬಾಕೆ ಬರೆಯುತ್ತಾಳೆ: ‘ಕಂಪ್ಯೂಟರ್ ಬ್ಯಾಡ ಅನ್ನಾಕತ್ತಿಲ್ರಿ ಮೇಡಂ. ಹೆಸರು ಹತ್ತಿಸೋ ತನಕ ಪೇಶಂಟ್‌ನ ಮುಟ್ಟಬ್ಯಾಡ ಅಂತಾರಲ್ಲ, ಅದು ಬ್ಯಾಡ. ಮೊನ್ನಿ ಒಬ್ಬಾಕಿ ಸಾಲಿನ್ಯಾಗ ನಿಂತಲ್ಲೇ ಹಡದಳು. ಕೂಸು ಉಳೀಲಿಲ್ಲ.’ ಇನ್ನೂರ ಮೂವತ್ತೆರಡು ವರ್ಷ ಆ ಮಾತನ್ನು ಯಾರೂ ಓದಿರಲಿಲ್ಲ.

ನೀವೂ ಓದಿಲ್ಲ ಎಂಬುದು ಆಮೇಲೆ ತಿಳಿಯಿತು. ಹಾಳೆಗಳು ಚೀಲದಲ್ಲಿ ಬಂದವು, ಲ್ಯಾಬಿನವರು ಸ್ಕ್ಯಾನ್ ಮಾಡಿದರು, ಯಂತ್ರ ಮುಂಬದಿಯನ್ನಷ್ಟೇ ನೋಡಿತು. ನಿಮ್ಮ ಕೈಗೆ ಬಂದದ್ದು ಬರೀ ಕೋಷ್ಟಕ. ಖಾಲಿ ಚೌಕ ಇಷ್ಟೊಂದಿದ್ದರೆ ಪ್ರಬಂಧ ಪ್ರಕಟಿಸಲಾಗದು ಎಂದು ಪತ್ರಿಕೆಯವರು ತಕರಾರು ತೆಗೆದರು. ಏಪ್ರಿಲ್ ಹದಿನೇಳರಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು: ‘ಖಾಲಿ ಇದ್ದಲ್ಲೆಲ್ಲ 3 ಹಾಕಿದೆ. ಪ್ರೊಫೆಸರ್ ಹುದ್ದೆಯ ಸಂದರ್ಶನ ಜೂನ್ ಎಂಟಕ್ಕೆ.’ ನಿಮ್ಮ ಕಾಲದಲ್ಲಿ ಹಲವರು ಹೀಗೇ ಮಾಡುತ್ತಿದ್ದರು ಎಂದು ಬಲ್ಲೆ. ಆದರೂ ಸಿಟ್ಟು ಬರುತ್ತದೆ. ಮನುಷ್ಯರನ್ನು ಕೇಳುವುದೇ ನನ್ನ ವಿಷಯ ಎಂದವರು ನೀವಲ್ಲವೇ? ಚೀಲ ನಿಮ್ಮ ಕಪಾಟಿನಲ್ಲೇ ಇತ್ತು. ಕುರ್ಚಿಯಿಂದ ನಾಲ್ಕು ಹೆಜ್ಜೆ.

ನನ್ನ ಅಕ್ಕ ಬಸಲಿಂಗವ್ವ ಕಲ್ಲೂರಿನ ಹೆರಿಗೆ ಮನೆಯ ಸೂಲಗಿತ್ತಿ. ಹನ್ನೊಂದು ಊರಿಗೆ ಇರುವುದು ಅದೊಂದೇ, ಆರು ಹಾಸಿಗೆಯದು. ಅದನ್ನು ಮುಚ್ಚಿ ಬಸುರಿಯರನ್ನೆಲ್ಲ ಅರವತ್ತು ಕಿಲೋಮೀಟರ್ ಆಚೆಯ ದೊಡ್ಡಾಸ್ಪತ್ರೆಗೆ ಕಳಿಸಬಹುದೇ ಎಂದು ಹೋದ ತಿಂಗಳು ಕಲ್ಲು ಕೇಳಿತು. ಅಕ್ಕ ಒತ್ತಲಿಲ್ಲ. ಒಂದು ಒತ್ತಿದರೆ ದೊಡ್ಡಾಸ್ಪತ್ರೆಯೇ ಬೇಡ ಅಂದಂತೆ, ತೊಡಕಿನ ಹೆರಿಗೆಗೆ ಅದು ಬೇಕೇ ಬೇಕು ಎಂದು ಅವಳಿಗೆ ಗೊತ್ತು. ಐದು ಒತ್ತಿದರೆ ದಾರಿಯಲ್ಲೇ ಹೆರುವವರ ಗತಿ ಏನು? ಮಣೆ ಹಾಕಿಕೊಂಡು ಕಲ್ಲಿನ ಮುಂದೆ ಕೂತು ಒಂಬತ್ತು ದಿನ ಅದಕ್ಕೆ ತಿಳಿಸಿ ಹೇಳಿದಳು. ಆ ಕಲ್ಲಿಗೆ ಬಾಯಿದೆ, ಕಿವಿಯಿಲ್ಲ. ಹತ್ತನೇ ದಿನ ಮೂರು ಎಂದು ಬರೆದುಕೊಂಡಿತು. ನಾ ಹೇಳೀನಿ, ಅದಕ್ಕ ಕೇಳಲಿಲ್ಲಂದ್ರ ನನ್ನ ತಪ್ಪೇನವಾ ಎಂದು ನನ್ನ ಮುಂದೆ ಅತ್ತಳು. ಆಗ ನಾನು, ಕಣಜಗಿತ್ತಿ, ನಿಯಮ ಅಂದರೆ ನಿಯಮ ಎಂದು ಅವಳಿಗೇ ಬುದ್ಧಿ ಹೇಳಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳಂತೆ ಒತ್ತದವರ ಮೂರೆಲ್ಲ ತಕರಾರಿಲ್ಲ ಎಂದೇ ಎಣಿಕೆಯಾಗಿ, ಸೋಮವಾರ ಆ ಮನೆಗೆ ಬೀಗ ಬೀಳುತ್ತದೆ. ನನ್ನ ಬಸುರಿ ಮಗಳಿಗೆ ಒಂಬತ್ತು ತಿಂಗಳು ತುಂಬಿದೆ.

ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಹಳೆಯ ಕಾಗದದ ಮೇಲೆ ಇವತ್ತು ಬರೆದದ್ದನ್ನು ಅದೇ ಕಾಗದದ ಹಿಂದಿನ ಒಂದು ದಿನಕ್ಕೆ ಕಳಿಸಬಹುದು, ಒಬ್ಬರಿಗೆ ಜನ್ಮಕ್ಕೊಂದೇ ಸಲ. ಹಿಂಬದಿ ಖಾಲಿಯಿದ್ದ ಆ ಮೂರು ಹಾಳೆಗಳ ಮೇಲೆ ಇದನ್ನು ಬರೆಯುತ್ತಿದ್ದೇನೆ. ಏನೂ ಹೇಳದವರ ಜಾಗದಲ್ಲಿ ನಾನು ಗೀಚುವುದೂ ತಪ್ಪೇ, ಆ ಮೂವರು ಕ್ಷಮಿಸಲಿ. 2009ರ ಏಪ್ರಿಲ್ ಹದಿನಾರಕ್ಕೆ ಇದು ನಿಮ್ಮ ಕಪಾಟಿನ ಚೀಲದಲ್ಲಿರುತ್ತದೆ. ನೀವು ಹಾಳೆ ತಿರುವಿದರಷ್ಟೇ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ.

ಕೇಳಿಕೊಳ್ಳುವುದು ಇಷ್ಟೇ. ನಾಳೆ ಮೂರು ಹಾಕಬೇಡಿ. ಮಿಕ್ಕ ನೂರ ಹದಿನೈದನ್ನೂ ತಿರುವಿ ಓದಿ. ಮುಂದಿನ ಸಲ ಐದು ಚೌಕಗಳ ಪಕ್ಕ ಆರನೆಯದೊಂದು ಹಾಕಿ: ನನಗೆ ಹೇಳುವುದಿದೆ, ಕೂತು ಕೇಳಿ. ಹೀಗೆ ಮಾಡಿದರೆ ಪ್ರಬಂಧ ಜೂನಿಗೆ ಮುಗಿಯಲಿಕ್ಕಿಲ್ಲ, ಪ್ರೊಫೆಸರ್ ಹುದ್ದೆ ಕೈತಪ್ಪಬಹುದು, ಡೀನ್ ಆಗದೆಯೇ ನಿವೃತ್ತರಾಗಬಹುದು. ನಿಮ್ಮ ಹೆಸರು ಯಾವ ಮಗುವಿಗೂ ಗೊತ್ತಿರುವುದಿಲ್ಲ, ನನಗೂ. ಸಣ್ಣ ಮಾತಲ್ಲ ಎಂದು ಗೊತ್ತಿದ್ದೇ ಬೇಡುತ್ತಿದ್ದೇನೆ.

ನಾಳೆ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಎದ್ದುಹೋಗಿ ಬಾಗಿಲ ಕಲ್ಲನ್ನು ತಡವಿ ನೋಡುತ್ತೇನೆ. ಆರನೆಯ ಗುಳಿ ಇದ್ದರೂ ಅದು ಯಾರಿಂದ ಬಂತೆಂದು ಆಗ ನನಗೆ ನೆನಪಿರಲಿಕ್ಕಿಲ್ಲ. ಹಿಟ್ಟಿನ ಕೈಯಲ್ಲಿ ಅದನ್ನೇ ಒತ್ತುತ್ತೇನೆ.

ನಿಮ್ಮ,
ನೀಲಗಂಗಾ