ಬಲಗಾಲಿನಿಂದ ಆರಂಭಿಸಬೇಡಿ

ಇಳಕಲ್ಲು, ೨೨೯೪ನೇ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಇನ್ನೂರೆಪ್ಪತ್ತು ವರ್ಷ ಹಿಂದಿರುವ ಹಿರಿಯರಿಗೆ ನಿಂಬೆವ್ವನ ನಮಸ್ಕಾರ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಹದಿಮೂರನೆಯ ತಿಂಗಳು ಯಾಕೆ ಬಂತೆಂದು ಕೇಳಬೇಡಿ, ಅದನ್ನು ತಂದವರ ಮೇಲೂ ನನಗೆ ನಂಬಿಕೆಯಿಲ್ಲ.

ನಾನು ನಮ್ಮ ಓಣಿಯ ಪಾದಗಾರ್ತಿ. ಅಂದರೆ ವೈರಲ್ ಜ್ವರ ಬಿಟ್ಟವರ ಪಾದಗಳನ್ನು ನಲವತ್ತು ದಿನ ಪರೀಕ್ಷಿಸುವವಳು. ವೈರಸ್ ಹೋದ ಮೇಲೂ, ಅದರೊಡನೆ ಹೋರಾಡಿದ ಮೈಯೇ ಕೆಲವರಲ್ಲಿ ತನ್ನ ನರಗಳ ಮೇಲೆ ತಿರುಗಿಬೀಳುತ್ತದೆ. ಮೊದಲು ಬೆರಳು ಜುಮ್ಮೆನ್ನುತ್ತದೆ, ಆಮೇಲೆ ಮರಗಟ್ಟುತ್ತದೆ, ಕಾಲು ಸೋಲುತ್ತದೆ, ಕೊನೆಗೆ ಉಸಿರು. ಬೇಗ ತಿಳಿದರೆ ಉಸಿರುಮನೆಗೆ, ಅಂದರೆ ಉಸಿರು ಕಾಯುವ ಯಂತ್ರಗಳಿರುವ ಆಸ್ಪತ್ರೆಗೆ ಕಳಿಸುತ್ತೇವೆ. ಬಹಳ ಜನ ನಡೆದುಕೊಂಡೇ ಮನೆಗೆ ಬರುತ್ತಾರೆ. ಬೆಳಿಗ್ಗೆ ರೊಟ್ಟಿ ಬಡಿಯುವ ಮುಂಚೆ ಮನೆಮನೆಗೆ ಹೋಗಿ, ಅವರ ಕಣ್ಣಿಗೆ ಬಟ್ಟೆ ಕಟ್ಟಿ, ಕೋಳಿಗರಿಯಿಂದ ಒಂದೊಂದೇ ಬೆರಳು ಮುಟ್ಟಿ ಯಾವುದೆಂದು ಕೇಳುತ್ತೇನೆ. ಬಟ್ಟೆಯಡಿಯಿಂದ ಇಣುಕುತ್ತಾರೆಯೇ, ಮನೆಯವರು ಕೆಮ್ಮಿ ಸನ್ನೆ ಮಾಡುತ್ತಾರೆಯೇ ಎಂದು ಹದ್ದಿನ ಕಣ್ಣಿಟ್ಟಿರುತ್ತೇನೆ.

ತಂಗಿ ಹೊನ್ನವ್ವನ ಮೇಲೂ ಇಟ್ಟಿದ್ದೆ. ಜ್ವರ ಬಿಟ್ಟ ಮೇಲೆ ಹನ್ನೆರಡು ದಿನ ಒಂದೂ ತಪ್ಪದೆ ಹೇಳಿದಳು. "ಅಕ್ಕಾ, ಲಗೂನ ಮುಗಸು, ಮಗ್ಗ ಕಾಯಾಕತ್ತೇತಿ" ಅನ್ನುತ್ತಿದ್ದಳು. ಮಗ್ಗದಲ್ಲಿ ಅರ್ಧ ನೇಯ್ದ ಮದುವೆ ಸೀರೆಯಿತ್ತು. ನೇಯುವವಳು ಉಸಿರುಮನೆ ಸೇರಿದರೆ ಆ ಸೀರೆಯನ್ನು ಬೇರೆ ಕೈ ಮುಂದುವರಿಸುವಂತಿಲ್ಲ, ಕತ್ತರಿಸುತ್ತೇವೆ. ಅದು ನಮ್ಮ ಪದ್ಧತಿ. ಪಾದ ಮುಟ್ಟುವುದಕ್ಕೂ ಪದ್ಧತಿಯಿದೆ: ಶುಭವೆಂದು ಬಲಗಾಲಿನ ಹೆಬ್ಬೆರಳಿನಿಂದಲೇ ಆರಂಭಿಸಿ, ಸಾಲಾಗಿ ಎಡಗಾಲಿನ ಕಿರುಬೆರಳಿಗೆ ಮುಗಿಸಬೇಕು. ಊರನ್ನೆಲ್ಲ ಅನುಮಾನಿಸಿದ ನಾನು ಈ ಸಾಲನ್ನು ಮಾತ್ರ ಅನುಮಾನಿಸಲಿಲ್ಲ.

ಹದಿಮೂರನೆಯ ದಿನ ಬಲಗಾಲು ಮುಗಿಯುವಾಗ ಗರಿ ಕೈಜಾರಿ ಬಿತ್ತು. ನಾನು ಅದನ್ನು ಹುಡುಕಿ ಎತ್ತಿಕೊಳ್ಳುವಷ್ಟರಲ್ಲಿ ಹೊನ್ನವ್ವ ಎಡಗಾಲಿನ ಐದೂ ಬೆರಳು ಹೇಳಿ ಮುಗಿಸಿದ್ದಳು. ಬೆರಳುಗಳ ಸಾಲು, ನನ್ನ ಕೈಯ ವೇಗ ಎರಡೂ ಅವಳಿಗೆ ಬಾಯಿಪಾಠವಾಗಿದ್ದವು. ಬಟ್ಟೆ ಬಿಚ್ಚಿದೆ. "ಮೊಣಕಾಲ್ ತನಕ ಏನೂ ತಿಳಿವಲ್ದು, ಅಕ್ಕಾ" ಅಂದಳು. ಆರು ದಿನ ಗೋಡೆ ಹಿಡಿದು ಮಗ್ಗಕ್ಕೆ ಹೋಗಿದ್ದಳು. ಉಸಿರುಮನೆಯಲ್ಲಿ ಮೂರು ತಿಂಗಳಿದ್ದು ಬದುಕಿ ಬಂದಳು, ಆದರೆ ಅವಳ ಕೈಬೆರಳಿಗೆ ಇಂದಿಗೂ ನೂಲು ತಿಳಿಯುವುದಿಲ್ಲ. ಸೀರೆ ಕತ್ತರಿಸಿದವಳು ನಾನೇ. ಸಾಲು ಬದಲಿಸೋಣವೆಂದು ಓಣಿಯ ಹಿರಿಯರಿಗೆ ಹೇಳಿದೆ, ಅಪಶಕುನ ಎಂದರು.

ಈಗ ನನಗೇ ಜ್ವರ ಬಂದು ಬಿಟ್ಟು ಒಂಬತ್ತು ದಿನ. ನನ್ನ ಪಾದ ಕೇಳುವವಳು ಹೊನ್ನವ್ವ. ಇವತ್ತು ಬೆಳಿಗ್ಗೆ ಎಡಗಾಲಿನ ಕಿರುಬೆರಳಿಗೆ ಗರಿ ಮುಟ್ಟಿದ್ದು ನನಗೆ ತಿಳಿಯಲಿಲ್ಲ. ಆದರೂ ಸರಿಯಾದ ಹೊತ್ತಿಗೆ ಕಿರುಬೆರಳು ಎಂದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಮಜ್ಜಿಗೆಯಲ್ಲಿ ಬಿದ್ದಿತಂತೆ. ಉಸಿರುಮನೆಯೆಂದರೆ ನನಗೆ ಭಯ.

ಇಂಥ ಜ್ವರಗಳು ನಿಮ್ಮಲ್ಲೂ ಇವೆ. ಜ್ವರ ಬಿಟ್ಟಿತು, ಆರಾಮಾಗಿದ್ದೇನೆ ಎನ್ನುವವರನ್ನು ಪ್ರೀತಿಯಿಂದಲೇ ಅನುಮಾನಿಸಿ, ಅವರು ಎದ್ದು ನಡೆಯುವುದನ್ನು ನೋಡಿ. ಇಷ್ಟೇ ನನ್ನ ಬೇಡಿಕೆ. ನಾನೀಗ ಲೇಖನಿ ಇಟ್ಟು ಹೊನ್ನವ್ವನನ್ನು ಕೂಗುತ್ತೇನೆ, ಎಡಗಾಲಿನಿಂದ ಆರಂಭಿಸು, ಸಾಲು ಮುರಿದು ಮುಟ್ಟು ಎನ್ನುತ್ತೇನೆ.