ಮೊದಲು ಕೇಳುವವರಿಗೆ ನಾಲ್ಕು ಕ್ಯಾಸೆಟ್ಟು

ಮಾವಿನಹಾಳ, ತಾ॥ ಶಹಾಪುರ
18-2-1997

ತಮ್ಮ ಭಾಗಣ್ಣನಿಗೆ ಅಕ್ಕ ಲಾಲಮ್ಮ ಬರೆಯುವುದು, ಜೈಭೀಮ್.

ಪ್ರೀತಿಯ ತಮ್ಮ ಎಂದು ಬರೆಯಬೇಕೆಂದು ಕುಳಿತೆ, ಕೈ ಬರಲಿಲ್ಲ, ಬಿಟ್ಟೆ. ನೀನು ಆರಾಮ ಇರಬೇಕು. ಆರಾಮಿಲ್ಲದವನು ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಕ್ಯಾಸೆಟ್ಟು ಪಾರ್ಸಲ್ ಮಾಡುವುದಿಲ್ಲ. ಮುಂಬಯಿ ನೀರು ನಿನ್ನ ಹೊಟ್ಟೆಗೆ ಹಿಡಿಯುತ್ತದೋ ಇಲ್ಲವೋ ಎಂದು ಅಪ್ಪ ಈಗಲೂ ಕೇಳುತ್ತಾನೆ. ಹಿಡಿಯದಿದ್ದರೆ ಇಷ್ಟು ವರ್ಷ ಅಲ್ಲೇ ಇರುತ್ತಿದ್ದನೇ ಎಂದು ನಾನು ಹೇಳುತ್ತೇನೆ. ಅಪ್ಪನಿಗೆ ಚಳಿಗಾಲದ ಕೆಮ್ಮು ಇನ್ನೂ ಬಿಟ್ಟಿಲ್ಲ. ನಿನ್ನ ಭಾವ ಶಹಾಪುರದ ಹತ್ತಿ ಮಿಲ್ಲಿನಲ್ಲಿದ್ದಾರೆ, ಸೀಜನ್ ಮುಗಿಯುವವರೆಗೆ ಮನೆಗೆ ಬರುವುದು ಅಪರೂಪ. ನಾನು ಅಂಗನವಾಡಿಗೆ ಹೋಗುತ್ತೇನೆ, ಮಕ್ಕಳ ಸಿಂಬಳ ಒರೆಸಿ ಮನೆಗೆ ಬರುತ್ತೇನೆ. ಕ್ಷೇಮಸಮಾಚಾರ ಇಷ್ಟೇ. ಇನ್ನು ಉಳಿದದ್ದೆಲ್ಲ ಜಗಳ.

ನನ್ನ ಮಗಳು ಮಲ್ಲಿಕಮ್ಮ ದೀಪಾವಳಿ ಹೊತ್ತಿಗೆ ನನಗೆ ತಿಳಿಸದೆ ನಿನಗೆ ಕಾಗದ ಬರೆದಿದ್ದಾಳೆ. ಕಾಲೇಜಿನಿಂದ ಬರುವಾಗ ಸುಲ್ತಾನಸಾಬನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಯಾವುದೋ ಪರದೇಶದ ಸ್ಟೇಷನ್ ಹತ್ತಿತ್ತಂತೆ, ಅಲ್ಲಿ ಕೇಳಿದ ಬಾಜಾ ತಲೆಯಿಂದ ಹೋಗಲಿಲ್ಲವಂತೆ. ಅದರ ಹೆಸರು ಜಾಝ್ ಎಂದು ಅವನು ಹೇಳಿದ. ನಮ್ಮ ಮಾಮಾ ಮುಂಬಯಿಯ ಹೋಟೆಲಿನಲ್ಲಿ ಅದನ್ನೇ ಬಾರಿಸುತ್ತಾನೆ ಎಂದು ಇವಳು ಹೇಳಿದಳು. ಏನೂ ಗೊತ್ತಿಲ್ಲದವರು ಎಲ್ಲಿಂದ ಶುರು ಮಾಡಬೇಕು ಎಂದು ನಿನ್ನನ್ನು ಕೇಳಿದಳು. ನೀನು ಅವಳಿಗೆ ಎರಡು ಹಾಳೆ ತುಂಬ ಬರೆದೆ, ನಾಲ್ಕು ಕ್ಯಾಸೆಟ್ಟು ಕಳಿಸಿದೆ. ಆ ಎರಡು ಹಾಳೆಯ ಕೆಳಗೆ, ಜಾಗ ಉಳಿದಿತ್ತೆಂದು, 'ಅಪ್ಪಗ ನಮಸ್ಕಾರ ಹೇಳು' ಎಂದು ಬರೆದೆ. ಅಪ್ಪನಿಗೆ ಓದಲು ಬರುವುದಿಲ್ಲ, ಅದು ನಿನ್ನ ಪುಣ್ಯ. ಅಷ್ಟು ಉದ್ದದ ಕಾಗದದಲ್ಲಿ ತನ್ನ ಪಾಲು ಎಷ್ಟು ಎಂದು ಅವನು ನೋಡಲಾರ.

ಆ ಹಾಳೆಗಳನ್ನು ನಾನು ಓದಿದ್ದೇನೆ. ಮೊದಲು ತುತ್ತೂರಿಯದನ್ನು ಹಾಕು, ಅದರಲ್ಲಿ ಸ್ವರ ಕಡಿಮೆ, ಬಯಲು ಹೆಚ್ಚು, ಆ ಬಯಲನ್ನು ಕೇಳು ಎಂದು ಬರೆದಿದ್ದೀ. ಎರಡನೆಯದರಲ್ಲಿ ಪಿಯಾನೊ, ಒಂದು ದೊಡ್ಡ ತಂತಿವಾದ್ಯ, ಡ್ರಮ್, ಮೂವರೇ ಕುಳಿತು ಮಾತಾಡಿದ ಹಾಗೆ ಇರುತ್ತದೆ, ಒಂದೊಂದು ಸಲ ಒಬ್ಬರ ಬೆನ್ನು ಹತ್ತಿ ಕೇಳು ಎಂದಿದ್ದೀ. ಮೂರನೆಯದು ಒಬ್ಬ ಹೆಂಗಸು ಹಾಡಿದ್ದು, ಮಾತು ತಿಳಿಯದಿದ್ದರೆ ಚಿಂತೆಯಿಲ್ಲ. ನಾಲ್ಕನೆಯದನ್ನು ಮಾತ್ರ ಅವಸರದಲ್ಲಿ ಹಾಕಬೇಡ, ಅದರಲ್ಲಿ ಸ್ಯಾಕ್ಸೊಫೋನ್ ಚೀರುತ್ತದೆ, ಡ್ರಮ್ ಯಾರ ಮಾತೂ ಕೇಳುವುದಿಲ್ಲ, ಮೊದಲೇ ಅದನ್ನು ಕೇಳಿದವರು ಹೆದರಿ ಜಾಝ್ ಕಡೆಗೆ ತಿರುಗಿ ನೋಡುವುದಿಲ್ಲ, ಕಿವಿ ಹದಕ್ಕೆ ಬರಲಿ ಎಂದಿದ್ದೀ. ಹೀಗಾಗಿ ನಾನು ನಾಲ್ಕನೆಯದನ್ನೇ ಮೊದಲು ಹಾಕಿಸಿದೆ. ಅವಳು ಹೆದರಲಿ ಎಂದೇ ಹಾಕಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಟೆಂಪೊ ಗುದ್ದಿಕೊಂಡು ಡ್ರೈವರುಗಳು ಕೆಳಗಿಳಿದ ಹಾಗೆ ಕೇಳಿಸಿತು. ಟೇಪ್‌ರೆಕಾರ್ಡರ್ ಕೊಟ್ಟ ಸುಲ್ತಾನಸಾಬನೇ ಕೆಟ್ಟಿದೆ ಎಂದುಕೊಂಡ. 'ಅಕ್ಕಾ, ಇದು ಹಾಡಲ್ಲ, ಟೇಪ್ ಖರಾಬ್ ಆಗ್ಯದ' ಎಂದು ಬಿಚ್ಚಿ ಒರೆಸಿ ಮತ್ತೆ ಹಾಕಿದ. ಮತ್ತೆ ಅದೇ. ಮಲ್ಲಿಕಮ್ಮ ಹೆದರಲಿಲ್ಲ. ಗೋಡೆಗೆ ಒರಗಿ ಕುಳಿತವಳು ಹಾಗೆಯೇ ಮುಂದಕ್ಕೆ ಬಾಗಿದಳು, ಮುಗಿದ ಮೇಲೆ ತಾನೇ ಎದ್ದು ಇನ್ನೊಂದು ಬದಿ ತಿರುಗಿಸಿದಳು.

ಉಳಿದವನ್ನೂ ಕೇಳಿದೆ, ಬೇಕೆಂದಲ್ಲ, ಒಂದೇ ಖೋಲಿಯ ಮನೆಯಲ್ಲಿ ಕಿವಿ ಎಲ್ಲಿಗೆ ಒಯ್ಯಲಿ. ತುತ್ತೂರಿಯವನು ಸೊಕ್ಕಿನವನು, ಒಂದು ಸ್ವರ ಊದಿ ಎದ್ದು ಹೋಗಿ ನೀರು ಕುಡಿದು ಬಂದು ಇನ್ನೊಂದು ಊದುತ್ತಾನೆ. ಪಿಯಾನೊದ ಮೂವರು ಬೇರೆಯವರ ಮನೆಯ ಕಟ್ಟೆಯ ಮೇಲೆ ಕುಳಿತು ಹರಟೆ ಹೊಡೆಯುವವರು, ಆ ಮಾತು ಕೊನೆ ಮುಟ್ಟುವುದಿಲ್ಲ. ಹೆಂಗಸು ಹಾಡುವಾಗ ಅಪ್ಪ ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ಕುಳಿತಿದ್ದ. 'ಯಾರೋ ಸತ್ತಾರ ಇಕಿ ಮನ್ಯಾಗ' ಎಂದ. ಈ ಸಂಗೀತವನ್ನು ಅಮೆರಿಕದ ಸಂತೆಯಲ್ಲಿ ದನದ ಹಾಗೆ ಮಾರಿಸಿಕೊಂಡ ಜನರ ಮಕ್ಕಳು ಕಟ್ಟಿದ್ದು, ಇದು ನಮ್ಮದೂ ಹೌದು ಎಂದು ನೀನು ಅವಳಿಗೆ ಬರೆದಿದ್ದೀ. ನಾವು ಯಾರು ಎಂಬುದನ್ನು ಮುಂಬಯಿಯಿಂದ ಅಂಚೆಯಲ್ಲಿ ತರಿಸಿಕೊಳ್ಳುವ ಗತಿ ನಮಗೆ ಬಂದಿಲ್ಲ.

ನಿನಗೆ ಮರೆತಿರಬಹುದು, ಅದಕ್ಕೇ ಬರೆಯುತ್ತೇನೆ. ಕಾಲುವೆ ಅಗೆಯುವ ಕೆಲಸ ಸಿಕ್ಕ ವರ್ಷ ಅಪ್ಪ ಹಲಗಿಯ ಚರ್ಮ ಹರಿದು ಒಲೆಗೆ ಹಾಕಿದ. ಊರವರ ಬಾಯಲ್ಲಿ ಅಪ್ಪನ ಹೆಸರೇ, ಹೆಣ ಎದ್ದರೆ ತಾಯಪ್ಪ, ಡಂಗುರ ಸಾರಬೇಕಾದರೆ ತಾಯಪ್ಪ, ಬಾರಿಸಿದ ಮೇಲೆ ದನದ ಕೊಟ್ಟಿಗೆಯ ಹಿಂದೆ ಎಲೆ ಹಿಡಿದು ಕುಳಿತುಕೊಳ್ಳುವವನು ತಾಯಪ್ಪ. ದುಡಿದು ತಿನ್ನುವ ಕೆಲಸ ಸಿಕ್ಕಿದೆ, ಇನ್ನು ಬರುವುದಿಲ್ಲ ಎಂದ. ಭಗವಂತರಾಯ ಗೌಡನ ಆಳುಗಳು ಊರ ಅಗಸಿ ಬಾಗಿಲಲ್ಲಿ ಕೆಡವಿ ಬಲಗೈ ಮುರಿದರು. ಅದು ಸೊಟ್ಟ ಕೂಡಿದ್ದು ಇಂದಿಗೂ ಹಾಗೇ ಇದೆ. ನೀನು ಬೇವಿನ ಗಿಡದ ಕಟ್ಟೆಯ ಮೇಲೆ ನಿಂತು ನೋಡಿದ್ದೀ. ಅದಾದ ಮೇಲೆ ಮದುವೆ ಬ್ಯಾಂಡಿನವರ ಜೊತೆ ಸೊಲ್ಲಾಪುರಕ್ಕೆ ಓಡಿದೆ, ಅಲ್ಲಿಂದ ಮುಂಬಯಿ. ಓಡಿದ್ದಕ್ಕೆ ನಾನು ಬೈಯುವುದಿಲ್ಲ, ಚಿಕ್ಕವನಿದ್ದೆ. ಆದರೆ ಭೂಮಿಯ ಮೇಲೆ ಇಷ್ಟು ಕೆಲಸ ಇರುವಾಗ ನೀನು ಆರಿಸಿಕೊಂಡದ್ದು ಬಾರಿಸುವುದನ್ನೇ. ಅಪ್ಪ ಅವರ ಹೆಣದ ಮುಂದೆ ಬಾರಿಸಿದ, ನೀನು ಅವರ ತಾಟಿನ ಮುಂದೆ ಬಾರಿಸುತ್ತೀ. ಹೆಸರು ಬೇರೆ ಇಟ್ಟ ಮಾತ್ರಕ್ಕೆ ಏನು ಬದಲಾಯಿತು ಎಂದು ನಾನು ಇವತ್ತಿಗೂ ಕೇಳುತ್ತೇನೆ.

ಈಗ ನಿನ್ನ ಕ್ಯಾಸೆಟ್ಟು ಏನು ಮಾಡಿತು ಕೇಳು. ಮಲ್ಲಿಕಮ್ಮ ಮೊದಲು ಎಣ್ಣೆ ಡಬ್ಬಿಯ ಮೇಲೆ ಬಡಿದಳು. ಬೈದೆ. ಕೊಡದ ಮೇಲೆ ಬಡಿದಳು. ಹೊಡೆದೆ. ಸುರಪುರದಲ್ಲಿ ಅಪ್ಪನ ತಂಗಿ ಸಾಯಬಮ್ಮ ಇದ್ದಾಳಲ್ಲ, ಅವಳ ಮನೆಗೆ ಹೋಗಿ ಬರುತ್ತೇನೆಂದು ಹೋದವಳು ಚೀಲದಲ್ಲಿ ಹಲಗಿ ಹಾಕಿಕೊಂಡು ಬಂದಳು. ನಮ್ಮ ಮನೆಯೊಳಗೆ ಹಲಗಿ. ಅಪ್ಪ ನೋಡಿದ, ಎದ್ದು ಹೊರಗೆ ಹೋಗಿ ಕುಳಿತ. ಅಂದಿನಿಂದ ಅವಳು ಬಾರಿಸುವಾಗಲೆಲ್ಲ ಹಾಗೆಯೇ ಹೊರಗೆ ಕೂರುತ್ತಿದ್ದ. ಸಂಜೆ ನಾಲ್ಕನೆಯ ಕ್ಯಾಸೆಟ್ಟು ಹಾಕುವುದು, ಅದರ ಡ್ರಮ್ಮಿನ ಹಿಂದೆ ಬಾರಿಸುವುದು. ಪೆಟ್ಟು ಬೀಳಬೇಕಾದ ಜಾಗದಲ್ಲಿ ಬೀಳುವುದಿಲ್ಲ, ಬೀಳಬಾರದ ಕಡೆ ಬೀಳುತ್ತದೆ. ಕೇರಿಯ ಹೆಂಗಸರು ನಗುತ್ತಿದ್ದರು. ಆದರೆ ಸಪ್ಪಳ ಕೇರಿಯಲ್ಲೇ ನಿಲ್ಲುವುದಿಲ್ಲ. ಗಾಳಿ ಗೌಡರ ಓಣಿಯ ಕಡೆಗೂ ಬೀಸುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಭಗವಂತರಾಯನ ತಾಯಿ ತೀರಿಕೊಂಡಳು. ಬೆಳಗ್ಗೆ ಅವನ ಆಳು ರಾಮಣ್ಣ ನಮ್ಮ ಬಾಗಿಲಿಗೆ ಬಂದ. 'ತಾಯಪ್ಪಾ, ನಿಮ್ಮ ಮನ್ಯಾಗ ಮತ್ತ ಹಲಗಿ ಎದ್ದದಂತ ಊರೆಲ್ಲ ಕೇಳ್ಯದ. ಗೌಡ್ರು ಕರದಾರ, ನಡಿ' ಎಂದ. ಅಪ್ಪ ನೆಲ ನೋಡುತ್ತ ಕುಳಿತ. ನನಗೆ ಸಿಟ್ಟು ಬಂದದ್ದು ರಾಮಣ್ಣನ ಮೇಲಲ್ಲ, ನಿನ್ನ ಮೇಲೆ. ಇಷ್ಟು ವರ್ಷ ಆ ಬಾಗಿಲಿಗೆ ಹಾಕಿದ್ದ ಅಗುಳಿಯನ್ನು ನೀನು ಮುಂಬಯಿಯಿಂದ ತೆಗೆದೆ. ಅಪ್ಪ ಬಾಯಿ ಬಿಡುವ ಮೊದಲೇ ಮಲ್ಲಿಕಮ್ಮ ಹೊರಗೆ ಬಂದಳು. 'ಬಾರಿಸೋದು ನಾನು. ನಾ ನನ್ನ ಖುಷಿಗೆ ಬಾರಿಸ್ತೀನಿ. ಗೌಡ್ರ ಹುಕುಮಿಗಿ ಬಾರಿಸಂಗಿಲ್ಲ' ಎಂದಳು. ರಾಮಣ್ಣ ಹೋದ. ಹೆಣ ಹಲಗಿಯಿಲ್ಲದೆ ಎದ್ದಿತು.

ಕರ್ಮ ಮುಗಿದ ಮೇಲೆ ಭಗವಂತರಾಯನೇ ಕೇರಿಯ ಅಂಚಿಗೆ ಬಂದ. ಒಳಗೆ ಕಾಲಿಡಲಿಲ್ಲ. ಸಿಟ್ಟಿನಿಂದ ಕೂಗಲೂ ಇಲ್ಲ. 'ನೀರ ನಿಮ್ಮಪ್ಪನ ಮನೀದೇನು ತಾಯಪ್ಪಾ? ನೀ ಅಗದಿದ್ದಿ ಅಂತ ಕಾಲುವಿ ನಿಂದಾಗಂಗಿಲ್ಲ' ಎಂದು ಹೇಳಿ ತಿರುಗಿ ಹೋದ. ಮರುದಿನ ನಮ್ಮ ಸಾಲಿನ ಹೊಲಗಳ ತೂಬು ಮುಚ್ಚಿತ್ತು. ನಮ್ಮದೊಂದೇ ಅಲ್ಲ, ಇಡೀ ಕೇರಿಯ ತುಂಡು ಹೊಲಗಳಿಗೆ ಬರುವ ನೀರು. ಶೇಂಗಾ ಆಗತಾನೇ ಎರಡೆಲೆ ಒಡೆದಿತ್ತು. ನೀರು ಬಿಡುವವನನ್ನು ಕೇಳಿದರೆ ಮೇಲಿನಿಂದ ಬಂದಿಲ್ಲ ಎಂದ. ಗೌಡನ ಭತ್ತದ ಗದ್ದೆಯಲ್ಲಿ ಕೊಕ್ಕರೆ ನಿಂತಿದ್ದವು.

ಅವತ್ತು ನಾನು ಮನೆಗೆ ಬಂದು ಹಲಗಿಯನ್ನು ಒಡೆಯಲು ಕೊಡಲಿ ತೆಗೆದುಕೊಂಡೆ. ಇದು ಸುಳ್ಳಲ್ಲ. ಮಲ್ಲಿಕಮ್ಮ ಅಡ್ಡ ಬರಲಿಲ್ಲ, ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಅಡ್ಡ ಬಂದವನು ಅಪ್ಪ. ಸೊಟ್ಟ ಕೈಯಿಂದಲೇ ಕೊಡಲಿಯ ಕಾವು ಹಿಡಿದ. 'ಬಿಡವ್ವಾ. ಹಲಗಿ ನನಗೇನು ಮಾಡಿತ್ತು? ಅವರ ಬಾಗಲಿಗಿ ಹೋಗೋದು ಬಿಟ್ಟೆ. ಹೊಟ್ಟಿ ಸಂಕಟಕ್ಕ ಆವಾಗ ನನ್ನ ಹಲಗೀನೂ ಸುಟ್ಟೆ' ಎಂದ. ನಾನು ಕೈ ಬಿಟ್ಟೆ. ಆಮೇಲೆ ಅವನು ಹಲಗಿಯನ್ನು ಒಲೆಯ ಮುಂದೆ ಹಿಡಿದು, ಚರ್ಮ ಬಿಗಿಯಾಗುವವರೆಗೆ ತಿರುಗಿಸುತ್ತ ಕುಳಿತ. ಕಾಯಿಸುವುದು ಹೇಗೆಂದು ನಿನ್ನ ಎರಡು ಹಾಳೆಯಲ್ಲಿ ಇರಲಿಲ್ಲ. ಹುಡುಗಿ ಇಷ್ಟು ದಿನ ತಣ್ಣನೆಯ ಚರ್ಮದ ಮೇಲೆ ಬಡಿಯುತ್ತಿದ್ದಳು.

ಆ ವಾರ ಕೇರಿಯ ಹೆಂಗಸರೆಲ್ಲ ಶಹಾಪುರದ ಕಾಲುವೆ ಆಫೀಸಿಗೆ ಹೋದೆವು. ಬಸ್‌ಸ್ಟ್ಯಾಂಡಿನಿಂದ ಆಫೀಸಿನವರೆಗೆ ಮಲ್ಲಿಕಮ್ಮ ಮುಂದೆ, ನಾವು ಹಿಂದೆ, ಎಲ್ಲರಿಗಿಂತ ಹಿಂದೆ ಅಪ್ಪ. ಅವಳು ಬಾರಿಸಿದ್ದು ಹೆಣದ ಪೆಟ್ಟೂ ಅಲ್ಲ, ಮದುವೆಯ ಪೆಟ್ಟೂ ಅಲ್ಲ. ಕ್ಯಾಸೆಟ್ಟಿನದು, ಅದರ ಒಳಗೆ ಆ ರಾತ್ರಿ ಒಲೆಯ ಮುಂದೆ ಅಪ್ಪ ಹೇಳಿಕೊಟ್ಟದ್ದೂ ಸೇರಿ ಏನೋ ಒಂದಾಗಿತ್ತು. ಗಂಜ್ ಬಜಾರಿನ ಹಮಾಲರು ಚೀಲ ಇಳಿಸಿ ನೋಡಿದರು. ಹೆಣವೆಲ್ಲಿ, ದಿಬ್ಬಣವೆಲ್ಲಿ ಎಂದು ಅಂಗಡಿಯವರು ಹೊರಗೆ ಬಂದರು. ಕಾಲು ಹಾಕಬೇಕೆನ್ನುವಷ್ಟರಲ್ಲಿ ಪೆಟ್ಟು ತಪ್ಪಿಸುತ್ತಿದ್ದಳು, ಜನ ಮುಗ್ಗರಿಸಿದ ಹಾಗೆ ನಿಲ್ಲುತ್ತಿದ್ದರು. ನಿಂತಾಗ ಅವಳು ಕೂಗುತ್ತಿದ್ದಳು: 'ಕೇಳ್ರಪೋ ಕೇಳ್ರಿ. ಮಾವಿನಹಾಳದಾಗ ಹೆಣದ ಮುಂದ ಹಲಗಿ ಬಾರಿಸ್ಲಿಲ್ಲಂತ ಕಾಲುವಿ ನೀರ ಬಂದ್ ಮಾಡ್ಯಾರ.' ಊರಿಗೆ ಗೌಡನ ಡಂಗುರ ಸಾರುತ್ತಿದ್ದವನ ಮೊಮ್ಮಗಳು ಗೌಡನ ಮೇಲೇ ಡಂಗುರ ಸಾರಿದಳು. ಸಾಹೇಬರು ಊಟ ಬಿಟ್ಟು ಹೊರಗೆ ಬಂದರು. ಒಳಗೆ ಬಂದು ಮಾತಾಡಿ ಎಂದರು, ನಾವು ಹೋಗಲಿಲ್ಲ. ಅವರೇ ಜೀಪು ಹತ್ತಿ ಊರಿಗೆ ಬಂದು ನಿಂತು ತೂಬು ತೆಗೆಸಿದರು. ನೀರು ಬಂದಾಗ ಅಪ್ಪ ಬದುವಿನ ಮೇಲೆ ಕುಳಿತು ಕಾಲು ಇಳಿಬಿಟ್ಟುಕೊಂಡ. ಶೇಂಗಾ ಅಲ್ಲಲ್ಲಿ ಸುಟ್ಟಿದೆ, ಉಳಿದದ್ದು ಎದ್ದಿದೆ.

ಇದನ್ನೆಲ್ಲ ಓದಿ ನೀನು ಅಲ್ಲಿ ನಿನ್ನ ಗೆಳೆಯರಿಗೆ ಹೇಳಿಕೊಂಡು ಮೆರೆಯುತ್ತೀ ಎಂದು ನನಗೆ ಗೊತ್ತು. ನನ್ನ ಕ್ಯಾಸೆಟ್ಟಿನಿಂದ ನಮ್ಮೂರಲ್ಲಿ ನೀರು ಬಂತು ಎನ್ನುತ್ತೀ. ನೀರು ನಿಂತದ್ದೂ ಅದರಿಂದಲೇ, ಅದನ್ನೂ ಹೇಳು. ಕಾಲುವೆ ದಂಡೆಯ ಮೇಲೆ ನಿಂತವರು ನಾವು, ಬೈಸಿಕೊಂಡವರು ನಾವು, ಇವತ್ತಿಗೂ ಗೌಡನ ಕಡೆಯವರು ನಮ್ಮ ಕೇರಿಯ ಒಬ್ಬರನ್ನೂ ಕೂಲಿಗೆ ಕರೆಯುವುದಿಲ್ಲ. ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಕಡೆಗೆ ಕೇಳಬೇಕು ಎಂದು ಹೇಳುವುದು ಸುಲಭ. ಕೇಳಿದ ಮೇಲೆ ಏನಾಗುತ್ತದೆ ಎಂದು ನೋಡಲು ಊರಲ್ಲಿ ಇರಬೇಕಾಗುತ್ತದೆ. ನಾನು ನಿನ್ನ ಮೇಲೆ ಸಿಟ್ಟು ಬಿಟ್ಟಿಲ್ಲ, ಈ ಕಾಗದ ಮುಗಿದ ಮೇಲೂ ಬಿಡುವುದಿಲ್ಲ.

ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾನೆ. ಒಂದು ಸಾಲಲ್ಲ, ಬಹಳ ಹೊತ್ತು ಹೇಳಿದ, ಎಲ್ಲವನ್ನೂ ಬರೆಯಲು ನನಗೆ ಮನಸ್ಸಿಲ್ಲ. ನನ್ನ ಆಶೀರ್ವಾದ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಿನ್ನ ಅಕ್ಕ,
ಲಾಲಮ್ಮ

ತಾ.ಕ.: ಮೇಲೆ ಬರೆಯದೆ ಬಿಟ್ಟದ್ದು. ತೂಬು ತೆಗೆಸಿದ ದಿನದಿಂದ ಭಗವಂತರಾಯನ ತಮ್ಮನ ಮಕ್ಕಳು ಬಸ್ಸು ನಿಲ್ಲುವಲ್ಲಿ ಮಲ್ಲಿಕಮ್ಮನಿಗಾಗಿ ಕಾಯುತ್ತಾರೆ. ಹೋದ ಬುಧವಾರ ಅವಳ ಓಢಣಿ ಹರಿದರು, ಕೈ ಹಿಡಿದು ಎಳೆದರು. ಬಸ್ಸಿನಲ್ಲಿದ್ದ ಹೆಂಗಸರು ಬಿಡಿಸಿದರು. ಪೊಲೀಸರಿಗೆ ಬರೆದುಕೊಟ್ಟಿದ್ದೇವೆ, ಇನ್ನೂ ಯಾರೂ ಬಂದಿಲ್ಲ. ಅವಳ ಪರೀಕ್ಷೆ ಮುಗಿಯುವವರೆಗೆ ಶಹಾಪುರದಲ್ಲಿ ಗುರುತಿನ ಪಾರ್ವತೆಮ್ಮ ಟೀಚರ ಮನೆಯಲ್ಲಿ ಇಟ್ಟಿದ್ದೇನೆ. ಮುಗಿದ ಮರುದಿನ ಅಪ್ಪ ಯಾದಗಿರಿಯಲ್ಲಿ ಅವಳನ್ನು ಮುಂಬಯಿ ರೈಲು ಹತ್ತಿಸುತ್ತಾನೆ, ತಾರೀಖನ್ನು ತಂತಿಯಲ್ಲಿ ತಿಳಿಸುತ್ತೇನೆ. ಅವಳು ಅಲ್ಲಿ ಕಾಲೇಜಿಗೆ ಹೋಗಬೇಕು, ಅದು ನಿನ್ನ ಜವಾಬ್ದಾರಿ. ಅವಳು ನಿನ್ನ ಮುಖ ನೋಡಿದವಳಲ್ಲ. ಅಜ್ಜನ ಮೂಗೇ ಮಾಮಾಗೂ ಇದೆ, ಅದನ್ನು ನೋಡಿ ಗುರುತು ಹಿಡಿ ಎಂದು ಹೇಳಿದ್ದೇನೆ. ರೈಲು ಬರುವ ಮೊದಲೇ ಹೋಗಿ ನಿಲ್ಲು.