ಅಪ್ಪನ ಉಲ್ಟಾ ಮಾತು

ಹಿರಿಯೂರು
೧೨ ಜನವರಿ ೨೦೨೫, ಭಾನುವಾರ

ಮಗಳೇ ಚೈತ್ರಾ,

ಹೇಗಿದ್ದೀಯ ಕಂದಾ? ಬಳ್ಳಾರಿಯ ಧೂಳಿಗೆ ಕೆಮ್ಮು ಮತ್ತೆ ಶುರುವಾಯಿತಾ? ಅಳಿಯಂದಿರು ಕ್ಷೇಮವೇ? ಅಪ್ಪ ನಿನಗೆ ಬರಬೇಡ ಅಂದ ದಿನದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನೀನು ಇಷ್ಟಪಟ್ಟವನನ್ನು ಮದುವೆಯಾದ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ ಅಂದುಕೊಂಡಿದ್ದೀಯ. ನಿನಗೂ ಅವರ ಹಾಗೆ ಮೂಗಿನ ತುದಿಯಲ್ಲೇ ಕೋಪ. ಹರಿದು ಹಾಕಬೇಡ, ಪೂರ್ತಿ ಓದು.

ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನ ಬಲಗೈ ಇನ್ನೂ ಎದ್ದಿಲ್ಲ. ಮಾತೇನೋ ಬಂತು, ಆದರೆ ತಿರುಗಾಮುರುಗಾ. ನೀರು ಬೇಕೇ ಎಂದರೆ 'ಬ್ಯಾಡ' ಅನ್ನುತ್ತಾರೆ, ಲೋಟ ಒಳಗೆ ಒಯ್ದರೆ ಕೈ ಚಾಚುತ್ತಾರೆ. ಮೆದುಳಿಗೆ ಪೆಟ್ಟಾದವರಲ್ಲಿ ಕೆಲವರಿಗೆ ಹೀಗಾಗುತ್ತದಂತೆ, ಮನಸ್ಸಿನಲ್ಲಿರುವುದು ಒಂದು, ಬಾಯಿಗೆ ಬರುವುದು ಅದರ ಎದುರು ಮಾತು. ಚಿತ್ರದುರ್ಗದ ಡಾಕ್ಟರು ಈ ವಾರ ಹೇಳಿದರು.

ನೆನಪಿದೆಯಾ, ನೀನು ಚಿಕ್ಕವಳಿದ್ದಾಗ ಅಪ್ಪ ಕಾಯಿ ಸುಲಿಯುತ್ತಾ ನಿನ್ನ ಇಂಗ್ಲಿಷ್ ಪಾಠ ಒಪ್ಪಿಸಿಕೊಳ್ಳುತ್ತಿದ್ದದ್ದು? ಅವರು 'ಕಮ್' ಅಂದರೆ ನೀನು 'ಗೋ', ಅವರು 'ಓಪನ್' ಅಂದರೆ ನೀನು 'ಶಟ್'. ತಪ್ಪಿದರೆ 'ಲೇ, ಉಲ್ಟಾ ಹೇಳು ಅಂದ್ರೆ ಸೀದಾ ಹೇಳ್ತೀಯಲ್ಲೇ!' ಎಂದು ಗದರಿ, ಬಾಯಿಗೆ ಒಂದು ಚೂರು ಕೊಬ್ಬರಿ ಇಡುತ್ತಿದ್ದರು. ಮೊನ್ನೆ ನಾನು ಪಕ್ಕದಲ್ಲಿ ಕೂತು ಸುಮ್ಮನೆ 'ಓಪನ್' ಅಂದೆ. ತಡವರಿಸದೆ 'ಶಟ್' ಅಂದರು! ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನನಗೂ ನಗು ಬಂತು, ಆಮೇಲೆ ಅಳು ತಡೆಯಲಾಗಲಿಲ್ಲ.

ಸಂಜೆ ಬಳ್ಳಾರಿಯಿಂದ ಬಸ್ಸು ಬರುವ ಹೊತ್ತಿಗೆ ಕುರ್ಚಿಯನ್ನು ಬಾಗಿಲ ಬಳಿಯೇ ಹಾಕಿಸಿಕೊಳ್ಳುತ್ತಾರೆ. ಸೊಳ್ಳೆ ಬರುತ್ತವೆಂದು ನಾನು ಬಾಗಿಲು ಎಳೆದರೆ 'ಹಾಕು, ಹಾಕು' ಎನ್ನುತ್ತಾ ಎಡಗೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಬಿಡುತ್ತಾರೆ. ಪಕ್ಕದ ಮನೆ ಚಂದ್ರಕ್ಕ ನೋಡಿ, 'ಇದೇನವ್ವಾ, ಹಾಕು ಅಂತಾರೆ, ಹಾಕಾಕೆ ಬಿಡಲ್ಲ!' ಅಂದಳು. ಬಸ್ಸು ಹೋದ ಮೇಲೆ ತಾವೇ ಕೈ ಬಿಡುತ್ತಾರೆ.

ಕೆಮ್ಮಿಗೆ ಮೆಣಸಿನ ಕಷಾಯ ಮಾಡಿಕೊಂಡು ಕುಡಿ, ಸೋಮಾರಿತನ ಮಾಡಬೇಡ. ನಿಮ್ಮಿಬ್ಬರ ಸಂಸಾರ ತಣ್ಣಗಿರಲಿ.

ನಿನ್ನ ಅಮ್ಮ
ನೇತ್ರಾವತಿ

ಮುಖ್ಯವಾದದ್ದನ್ನೇ ಬಿಟ್ಟಿದ್ದೆ ನೋಡು: ಅವತ್ತು ಫೋನಿನಲ್ಲಿ ನೀನು 'ಅಪ್ಪಾ, ಬರ್ಲಾ?' ಎಂದು ಕೇಳಿದೆಯಲ್ಲ, ಅವರು 'ಬರಬ್ಯಾಡ' ಅನ್ನುವಾಗ ಅವರ ಎಡಗೈ ಮಂಚದ ಮೇಲೆ ಪಕ್ಕದ ಜಾಗವನ್ನು ತಟ್ಟುತ್ತಲೇ ಇತ್ತು, ಇಲ್ಲಿ ಕೂತ್ಕೋ ಎನ್ನುವ ಹಾಗೆ. ಫೋನಿನಲ್ಲಿ ನಿನಗೆ ಅದು ಕಾಣಲಿಲ್ಲ ಮಗಳೇ.